ತನ್ನನ್ನೇ ಒರೆಗೆ ಹಚ್ಚಿಕೊಂಡ ಪಾದ್ರಿ: ಫರ್ಡಿನಾಂಡ್ ಕಿಟ್ಟೆಲ್

ಕಿಟ್ಟೆಲ್ ಎಂದೊಡನೆ ನಮಗೆಲ್ಲ ನೆನಪಾಗುವುದು ಎರಡು ಕೈಯಲ್ಲಿ ಎತ್ತಬೇಕಾದ ಆ ದಪ್ಪನೆಯ ನಿಘಂಟು. ಅದನ್ನು ಬರೆದವರು ಪಾದ್ರಿಯಾಗಿದ್ದರೆಂಬುದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುವುದೇ ವಾಡಿಕೆ. ಆದರೆ ಆ ಪಾದ್ರಿತನವನ್ನು ಬದಿಗಿಟ್ಟರೆ ನಿಘಂಟಿನ ಹುಟ್ಟು ಅರ್ಥವಾಗದೆಂದು ನಾವು ಭಾವಿಸುತ್ತೇವೆ.

ಜರ್ಮನಿಯ ವಾಯವ್ಯ ಕರಾವಳಿಯ ರೆಸ್ಟರ್‌ಹಾಫೆ ಎಂಬಲ್ಲಿ 1832ರಲ್ಲಿ ಅವರ ಜನನ. ತಂದೆಯೂ ಪಾದ್ರಿಯೇ. ಗ್ರೀಕ್, ಲ್ಯಾಟಿನ್, ಹೀಬ್ರೂ ಕಲಿತ ಹುಡುಗ 1850ರಲ್ಲಿ ಬಾಸೆಲ್ ಮಿಷನ್ ಸೇರಿ, 1853ರಲ್ಲಿ ಧಾರವಾಡಕ್ಕೆ ಬಂದಿಳಿದರು.

ಬಾಸೆಲ್ ಮಿಷನ್ನಿನ ಹಿಂದಿದ್ದುದು ಪಯಟಿಸಂ ಎಂಬ ಭಕ್ತಿಪಂಥ. ನಂಬಿಕೆಯು ಬಾಯಿಪಾಠವಾಗಿ ಉಳಿಯದೆ ನಡತೆಯಲ್ಲಿ ಕಾಣಬೇಕು, ಅದಕ್ಕಾಗಿ ಪ್ರತಿಯೊಬ್ಬನೂ ತನ್ನ ಅಂತಃಕರಣವನ್ನು ತಾನೇ ಶೋಧಿಸಿಕೊಳ್ಳಬೇಕು ಎಂಬುದು ಆ ಪಂಥದ ಶಿಸ್ತು. ತರುಣ ಕಿಟ್ಟೆಲ್ ಈ ಶಿಸ್ತನ್ನು ಅಕ್ಷರಶಃ ಪಾಲಿಸಲು ಹೊರಟದ್ದೇ ತೊಡಕಿಗೆ ಕಾರಣವಾಯಿತು. ಯೆಹೂದ್ಯರನ್ನು ಗೆಲ್ಲಲು ತಾನು ಯೆಹೂದ್ಯರಿಗೆ ಯೆಹೂದ್ಯನಂತಾದೆನೆಂದು ಸಂತ ಪೌಲನು ಕೊರಿಂಥದವರಿಗೆ ಬರೆದುದನ್ನು ಅವರು ಓದಿದ್ದರು. ಹಾಗಾದರೆ ಭಾರತೀಯರ ನಡುವೆ ತಾನು ಯಾರಾಗಿ ಬಾಳಬೇಕು? ಬಂಗಲೆಯಲ್ಲಿ ಯುರೋಪಿನ ರೀತಿಯಲ್ಲಿ ಬಾಳುತ್ತ, ಜನರಿಂದ ದೂರ ನಿಂತು ಬೋಧಿಸುವವನ ಮಾತನ್ನು ಊರವರು ಏಕೆ ನಂಬಬೇಕು? ಈ ಪ್ರಶ್ನೆಯನ್ನು ಅವರು ಮೊದಲು ಕೇಳಿಕೊಂಡದ್ದು ತಮ್ಮನ್ನೇ. ಜನರಿಗೆ ಹತ್ತಿರವಾಗಿ ಬದುಕಬೇಕೆಂಬುದು ಅವರ ನಿಶ್ಚಯವಾಯಿತು. ಜನರ ನುಡಿಯನ್ನು ಆಳವಾಗಿ ಕಲಿಯುವುದು ಅದರ ಮೊದಲ ಹೆಜ್ಜೆಯಾಯಿತು.

ಒಬ್ಬನು ಮೌನವಾಗಿ ತನ್ನ ನಡತೆಯನ್ನು ತಿದ್ದಿಕೊಂಡರೆ ಪಕ್ಕದಲ್ಲಿರುವವರಿಗೆ ಅದು ಆಕ್ಷೇಪಣೆಯಂತೆ ಕೇಳಿಸುವುದುಂಟು. ಕಿಟ್ಟೆಲ್ಲರಂತೂ ಮೌನವಾಗಿಯೂ ಇರಲಿಲ್ಲ; ಮಿಷನರಿಗಳ ಜೀವನಕ್ರಮವನ್ನು ಟೀಕಿಸಿದರು. ಸಹೋದ್ಯೋಗಿಗಳೊಡನೆ ಘರ್ಷಣೆಯಾಯಿತು. ಸ್ವಭಾವದಲ್ಲಿ ಅವರು ಬಾಗದವರು. ಹಿರಿಯರ ಅಸಮಾಧಾನಕ್ಕೆ ಅವರ ಹಟವೂ ಒಂದಿಷ್ಟು ಕಾರಣವೆಂದರೆ ಅನ್ಯಾಯವಾಗದು.

ಮಂಗಳೂರಿನಲ್ಲಿದ್ದಾಗ, 1862ರಲ್ಲಿ, ‘ಕಥಾಮಾಲೆ’ಯನ್ನು ಪ್ರಕಟಿಸಿದರು. ಯೇಸುವಿನ ಚರಿತ್ರೆಯನ್ನು ಜರ್ಮನ್ ಕೀರ್ತನೆಯ ಧಾಟಿಗೆ ಹೊಂದಿಸದೆ ಕನ್ನಡದ ಛಂದಸ್ಸಿನಲ್ಲಿಯೇ ಹೇಳಿದ ಕೃತಿಯಿದು. ಎರಡು ವರ್ಷ ಕಳೆಯುವಷ್ಟರಲ್ಲಿ ಪತ್ನಿ ಪೌಲೀನ್ ತೀರಿಕೊಂಡರು.

ನಂತರದ ದಶಕಗಳು ವಿದ್ಯಾರ್ಥಿಯ ದಶಕಗಳು. ಧರ್ಮವನ್ನು ಕಲಿಸಲು ಬಂದವರು ನಮ್ಮ ಪಂಡಿತರ ಎದುರು ಕಲಿಯಲು ಕುಳಿತರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿಯೂ, ನಾಗವರ್ಮನ ಛಂದಸ್ಸಿನ ಗ್ರಂಥವನ್ನು 1875ರಲ್ಲಿಯೂ ಸಂಪಾದಿಸಿ ಹೊರತಂದರು. ಮತಪ್ರಚಾರಕ್ಕೆ ಬಂದವನಿಗೆ ಜೈನ ಕವಿಯ ವ್ಯಾಕರಣದೊಡನೆ ಏನು ಕೆಲಸವೆಂಬ ಸಂದೇಹ ಮಿಷನ್ನಿನೊಳಗೆ ಇದ್ದೇ ಇತ್ತು. ಇಲ್ಲಿನ ಮತಾಚಾರಗಳ ಕುರಿತು ಕಿಟ್ಟೆಲ್ಲರ ಅಭಿಪ್ರಾಯಗಳು ಕಠಿಣವಾಗಿದ್ದವು. ಅವನ್ನೆಲ್ಲ ನಾವು ಒಪ್ಪಬೇಕಾಗಿಲ್ಲ. ನುಡಿಯ ವಿಷಯದಲ್ಲಿ ಮಾತ್ರ ಅವರು ಮತಭೇದವೆಣಿಸಲಿಲ್ಲ. ಜೈನ, ವೀರಶೈವ, ಬ್ರಾಹ್ಮಣ ಕವಿಗಳ ಕೃತಿಗಳಿಂದಲೂ ಜನರ ಗಾದೆಗಳಿಂದಲೂ ಪದಗಳನ್ನು ಒಂದೇ ಶ್ರದ್ಧೆಯಿಂದ ಆಯ್ದರು.

1877ರಲ್ಲಿ ಸ್ವದೇಶಕ್ಕೆ ಮರಳಿದವರು ನಿಘಂಟಿಗಾಗಿಯೇ 1883ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಬಂದರು. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು. ಅದನ್ನು ತೆರೆದವರು ಪದಗಳ ಪಕ್ಕದ ಕಿರುಸಂಕೇತಗಳನ್ನು ಗಮನಿಸಬೇಕು. ಮೈಸೂರಿನಲ್ಲಿ ಬಳಕೆಯಾದುದು ಯಾವುದು, ದಕ್ಷಿಣ ಮರಾಠಾ ಸೀಮೆಯದು ಯಾವುದು ಎಂದು ಗುರುತಿಸಲಾಗಿದೆ. ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿನ ಸೋದರ ರೂಪಗಳನ್ನು ಜೊತೆಗೆ ಕೊಡಲಾಗಿದೆ. ಒಂದು ಸೀಮೆಯ ಕನ್ನಡ ಶುದ್ಧ, ಇನ್ನೊಂದರದು ಬೆರಕೆ ಎಂಬ ತಕ್ಕಡಿ ಅಲ್ಲಿಲ್ಲ. ಮನೆಯಲ್ಲಿ ಒಂದು ನುಡಿ, ಅಂಗಡಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಕನ್ನಡ ಎಂದು ಬಾಳುವ ನಮ್ಮ ಗಡಿಸೀಮೆಯ ಮಕ್ಕಳು ತಮ್ಮ ಊರಿನ ಮಾತನ್ನು ಆ ಪುಟಗಳಲ್ಲಿ ಹುಡುಕಿ ನೋಡಲಿ. ಶಿಕ್ಷಕರು ಒಂದು ತರಗತಿಯ ಹೊತ್ತನ್ನು ಇದಕ್ಕೆ ಮೀಸಲಿಟ್ಟರೆ ನಷ್ಟವೇನೂ ಇಲ್ಲ.

ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ವಯಸ್ಸಾದ ಮೇಲೂ ಅವರು ಬರವಣಿಗೆ ನಿಲ್ಲಿಸಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಅವರ ಕನ್ನಡ ವ್ಯಾಕರಣವು ಮಂಗಳೂರಿನಲ್ಲಿ ಅಚ್ಚಾದದ್ದು 1903ರಲ್ಲಿ. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗೆನ್ನಿನಲ್ಲಿ ಕಿಟ್ಟೆಲ್ ಕಣ್ಮುಚ್ಚಿದರು.