ಓದುಗರ ಪ್ರಶ್ನೆಗೆ ಉತ್ತರ ಕೊಟ್ಟಿದ್ದಕ್ಕೇ ಕೇಸ್! ಅಂಬೇಡ್ಕರ್ ವಕಾಲತ್ತು ವಹಿಸಿದ್ದ ಮುಂಬೈನ ರ. ಧೋಂ. ಕರ್ವೆ ಯಾರು ಗೊತ್ತಾ?

1934ರ ಬಾಂಬೆ ಹೈಕೋರ್ಟ್. ಕಟಕಟೆಯಲ್ಲಿದ್ದವರು ಗಣಿತದ ಮಾಜಿ ಪ್ರೊಫೆಸರ್. ಅವರ ಪರ ವಾದಿಸಲು ಎದ್ದು ನಿಂತವರು ಡಾ. ಬಿ.ಆರ್. ಅಂಬೇಡ್ಕರ್. ಆರೋಪ ಏನು ಅಂದರೆ, ತಮ್ಮ ಮಾಸಪತ್ರಿಕೆಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಂಪಾದಕರು ಉತ್ತರ ಬರೆದಿದ್ದಾರೆ, ಆ ಉತ್ತರಗಳು ಅಶ್ಲೀಲವಾಗಿವೆ ಎಂಬುದು.

ಆ ಸಂಪಾದಕರ ಹೆಸರು ರಘುನಾಥ ಧೋಂಡೋ ಕರ್ವೆ. ಮಹಾರಾಷ್ಟ್ರದಲ್ಲಿ 'ರ. ಧೋಂ.' ಎಂದರೆ ಸಾಕು, ಗೊತ್ತಾಗುತ್ತದೆ. ಕನ್ನಡದ ಓದುಗರಿಗೆ ಅವರಿಗಿಂತ ಅವರ ತಂದೆಯ ಹೆಸರೇ ಹೆಚ್ಚು ಪರಿಚಿತ. ವಿಧವಾ ವಿವಾಹಕ್ಕಾಗಿ ಹೋರಾಡಿದ, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದ ಮಹರ್ಷಿ ಧೋಂಡೋ ಕೇಶವ ಕರ್ವೆ ಇವರ ತಂದೆ.

ರಘುನಾಥ ಹುಟ್ಟಿದ್ದು 1882ರ ಜನವರಿ 14ರಂದು. ಒಂಬತ್ತನೇ ವಯಸ್ಸಿನಲ್ಲೇ ತಾಯಿ ರಾಧಾಬಾಯಿ ತೀರಿಕೊಂಡರು. 1891ರಲ್ಲಿ ಹೆರಿಗೆಯ ಸಮಯದಲ್ಲಿ ಬಂದ ಸಾವು ಅದು. ಮುಂದೆ ಬದುಕಿಡೀ ಹೆರಿಗೆ, ಬಸಿರು, ಹೆಣ್ಣಿನ ದೇಹದ ಬಗ್ಗೆ ಬರೆದ ಮನುಷ್ಯನ ಬಾಲ್ಯದಲ್ಲಿ ಇಂಥದ್ದೊಂದು ಘಟನೆ ಇತ್ತು ಎನ್ನುವುದನ್ನು ಮರೆಯುವಂತಿಲ್ಲ. ಎರಡು ವರ್ಷದ ನಂತರ ತಂದೆ ಗೋಡೂಬಾಯಿ ಎಂಬ ವಿಧವೆಯನ್ನು ಮದುವೆಯಾದಾಗ ಜಾತಿಯವರು ದೂರ ಇಟ್ಟರು. ಸಮಾಜ ಬಹಿಷ್ಕಾರ ಹಾಕಿದರೆ ಮನೆ ಹೇಗಿರುತ್ತದೆ ಅನ್ನುವುದನ್ನು ಹುಡುಗ ಆಗಲೇ ನೋಡಿದ್ದ.

ಓದಿನಲ್ಲಿ ಚುರುಕು. ಮೆಟ್ರಿಕ್‌ನಲ್ಲಿ ಮೊದಲ ಸ್ಥಾನ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪದವಿ, ಹೆಚ್ಚಿನ ಗಣಿತ ಕಲಿಯಲು ಪ್ಯಾರಿಸ್. ಮುಂಬೈನ ಗಿರಗಾಂವ್ ಚೌಪಾಟಿ ಎದುರಿಗಿರುವ ವಿಲ್ಸನ್ ಕಾಲೇಜಿನಲ್ಲಿ ಪ್ರೊಫೆಸರ್ ಹುದ್ದೆ. ಅಲ್ಲೇ ಸುಮ್ಮನೆ ಪಾಠ ಮಾಡಿಕೊಂಡಿದ್ದರೆ ಪಿಂಚಣಿ ತೆಗೆದುಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಸಂತತಿ ನಿಯಂತ್ರಣದ ಬಗ್ಗೆ, ಲೈಂಗಿಕ ಸುಖ ಗಂಡಿಗೆ ಎಷ್ಟೋ ಹೆಣ್ಣಿಗೂ ಅಷ್ಟೇ ಎಂಬುದರ ಬಗ್ಗೆ ಅವರು ಬಹಿರಂಗವಾಗಿ ಮಾತಾಡತೊಡಗಿದರು. ಮಿಷನರಿ ಆಡಳಿತ ಮಂಡಳಿ ರಾಜೀನಾಮೆ ಕೇಳಿತು. ಕರ್ವೆ ಕೊಟ್ಟರು.

ಲಂಡನ್‌ನಲ್ಲಿ ಶುರುವಾದ ವರ್ಷವೇ ಮುಂಬೈನಲ್ಲೂ

1921ರಲ್ಲಿ ಕರ್ವೆ ಮುಂಬೈನಲ್ಲಿ ಸಂತತಿ ನಿಯಂತ್ರಣದ ಕ್ಲಿನಿಕ್ ತೆರೆದರು. ಭಾರತದಲ್ಲಿ ಅದು ಮೊದಲನೆಯದು. ಮೇರಿ ಸ್ಟೋಪ್ಸ್ ಲಂಡನ್‌ನಲ್ಲಿ ತಮ್ಮ ಹೆಸರಾಂತ ಕ್ಲಿನಿಕ್ ಆರಂಭಿಸಿದ್ದೂ ಅದೇ ವರ್ಷ. ಅಮೆರಿಕದಲ್ಲಿ ಮಾರ್ಗರೆಟ್ ಸ್ಯಾಂಗರ್ 1916ರಲ್ಲಿ ತೆರೆದ ಕ್ಲಿನಿಕ್ಕನ್ನು ಪೊಲೀಸರು ಕೆಲವೇ ದಿನಗಳಲ್ಲಿ ಮುಚ್ಚಿಸಿದ್ದರು. ಅಂದರೆ ಈ ವಿಷಯದಲ್ಲಿ ಮುಂಬೈ ಜಗತ್ತಿಗಿಂತ ಹಿಂದೇನೂ ಇರಲಿಲ್ಲ.

ಆಗಿನ ಮುಂಬೈ ಹೇಗಿತ್ತು ಅಂದರೆ, ಬಟ್ಟೆ ಗಿರಣಿಗಳ ನಗರ. ಕೊಂಕಣದಿಂದ, ಘಟ್ಟದ ಮೇಲಿನಿಂದ ದುಡಿಯಲು ಬಂದ ಗಂಡಸರು ಒಂದೇ ಕೋಣೆಯಲ್ಲಿ ಹತ್ತಾರು ಮಂದಿ. ಹೆಂಡತಿ ಮಕ್ಕಳು ಊರಲ್ಲಿ. ಗುಪ್ತರೋಗ ಬಂದರೆ ಹೇಳಿಕೊಳ್ಳುವ ಹಾಗಿಲ್ಲ. ಪತ್ರಿಕೆಗಳ ತುಂಬ 'ಶಕ್ತಿ' ಟಾನಿಕ್‌ಗಳ ಜಾಹೀರಾತು. ಮೊದಲು ಹೆದರಿಸುವುದು, ಆಮೇಲೆ ಬಾಟಲಿ ಮಾರುವುದು. ಗ್ರಾಹಕರ ಮನಸ್ಸನ್ನು ಓದುವ ವಿದ್ಯೆ ಮಾರುಕಟ್ಟೆಗೆ ಆಗಲೇ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೇ ಇದ್ದಿದ್ದು ಗ್ರಾಹಕನಿಗೆ, ತನ್ನ ದೇಹದ ಬಗ್ಗೆ. (ತಿಂಗಳಿಗೊಮ್ಮೆ ಲಾಡ್ಜ್‌ಗೆ ಬಂದು ಕೂರುವ 'ವೈದ್ಯ'ರ ಪೋಸ್ಟರ್ ನಮ್ಮ ಬಸ್ ಸ್ಟ್ಯಾಂಡ್‌ಗಳಲ್ಲಿ ಈಗಲೂ ಕಾಣಿಸುತ್ತದಲ್ಲ, ಅದೇ ವ್ಯಾಪಾರ.)

ವೀರ್ಯ ಹೋದರೆ ಜೀವವೇ ಸೋರಿಹೋದಂತೆ ಎಂಬ ಭಯದಿಂದ ಯುವಕರು ಕೊರಗುವುದು, ನಿದ್ದೆಗೆಡುವುದು, ಸುಸ್ತು ಎಂದು ಮಲಗುವುದು ಇವಕ್ಕೆಲ್ಲ ಮನೋವೈದ್ಯಶಾಸ್ತ್ರದಲ್ಲಿ ಇವತ್ತು ಒಂದು ಹೆಸರಿದೆ: 'ಧಾತ್ ಸಿಂಡ್ರೋಮ್'. ಆ ಹೆಸರನ್ನು ಡಾ. ಎನ್.ಎನ್. ವಿಗ್ ಕೊಟ್ಟಿದ್ದು 1960ರಲ್ಲಿ. ಕರ್ವೆ ಅದಕ್ಕೂ ಮೂರು ದಶಕ ಮೊದಲೇ ಈ ಭಯದ ಜತೆ ಗುದ್ದಾಡುತ್ತಿದ್ದರು. ಅವರು ವೈದ್ಯರಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಅವರ ಹತ್ತಿರ ಇದ್ದಿದ್ದು ಒಂದು ಪತ್ರಿಕೆ.

'ಸಮಾಜ ಸ್ವಾಸ್ಥ್ಯ'

1927ರ ಜುಲೈನಲ್ಲಿ ಮರಾಠಿ ಮಾಸಪತ್ರಿಕೆ 'ಸಮಾಜ ಸ್ವಾಸ್ಥ್ಯ' ಶುರುವಾಯಿತು. ಮುಖಪುಟದಲ್ಲಿ ನಗ್ನ ಸ್ತ್ರೀ ಚಿತ್ರ! ಮನೆಯ ಟೇಬಲ್ ಮೇಲೆ ಇಡಲು ಜನ ಹೆದರುವ ಪತ್ರಿಕೆಗೆ ಚಂದಾದಾರರು ಎಷ್ಟು ಸಿಗಬಹುದು? ಅದು ಯಾವತ್ತೂ ದೊಡ್ಡ ಲಾಭದ ವ್ಯವಹಾರ ಆಗಲಿಲ್ಲ. ಸಂತತಿ ನಿಯಂತ್ರಣ, ಗುಪ್ತರೋಗ, ವೇಶ್ಯಾವೃತ್ತಿ, ಆಹಾರ, ಧರ್ಮದ ಹೆಸರಿನ ಮೂಢನಂಬಿಕೆ ಹೀಗೆ ಎಲ್ಲದರ ಬಗ್ಗೆ ಬರೆದರು.

ಪತ್ರಿಕೆಯ ಜೀವಾಳ ಇದ್ದಿದ್ದು ಪ್ರಶ್ನೋತ್ತರದಲ್ಲಿ. ಹಸ್ತಮೈಥುನದಿಂದ ಹಿಡಿದು ಸಲಿಂಗ ಪ್ರೇಮದವರೆಗೆ, ಯಾರ ಹತ್ತಿರವೂ ಕೇಳಲಾಗದ್ದನ್ನು ಓದುಗರು ಇಲ್ಲಿ ಕೇಳುತ್ತಿದ್ದರು. ಕರ್ವೆ ಉಪದೇಶ ಮಾಡುತ್ತಿರಲಿಲ್ಲ, ನಾಚುತ್ತಲೂ ಇರಲಿಲ್ಲ. ಗಣಿತದ ಮೇಷ್ಟ್ರು ಲೆಕ್ಕ ಬಿಡಿಸಿದ ಹಾಗೆ ಉತ್ತರ.

ಪೊಲೀಸರಿಗೆ ಅದು ಸಹಿಸಲಿಲ್ಲ. 1931ರಲ್ಲಿ ವ್ಯಭಿಚಾರದ ಪ್ರಶ್ನೆ ಕುರಿತ ಲೇಖನಕ್ಕೆ ಮೊದಲ ಕೇಸ್ ಬಿತ್ತು. 100 ರೂಪಾಯಿ ದಂಡ. 1934ರ ಫೆಬ್ರವರಿಯಲ್ಲಿ ಮತ್ತೆ ಬಂಧನ. ಈ ಸಲ ಸಿಕ್ಕಿಬಿದ್ದದ್ದು ಪ್ರಶ್ನೋತ್ತರಕ್ಕೆ.

ಅಂಬೇಡ್ಕರ್ ಆ ಹೊತ್ತಿಗೆ ದುಂಡುಮೇಜಿನ ಪರಿಷತ್ತು, ಪುಣೆ ಒಪ್ಪಂದ ಎಲ್ಲ ಮುಗಿಸಿ ಬಂದ ರಾಷ್ಟ್ರೀಯ ನಾಯಕ. ಇಂಥ ಕೇಸ್ ಹಿಡಿದರೆ ತಮ್ಮ ಹೆಸರಿಗೇ ಕೆಸರು ಮೆತ್ತಬಹುದು ಎಂದು ಹಿಂದೆ ಸರಿಯಬಹುದಿತ್ತು. ಸರಿಯಲಿಲ್ಲ. ಲೈಂಗಿಕ ವಿಷಯದ ಬಗ್ಗೆ ಬರೆದ ಮಾತ್ರಕ್ಕೆ ಅದು ಅಶ್ಲೀಲ ಆಗುವುದಿಲ್ಲ, ಜನರಲ್ಲಿರುವ ವಿಕೃತಿ ಹೋಗಬೇಕಾದರೆ ಜ್ಞಾನವೇ ದಾರಿ, ಕೇಳಿದವರಿಗೆ ಉತ್ತರ ಕೊಡದೆ ಇರುವುದು ಸರಿಯಲ್ಲ ಎಂಬುದು ಅವರ ವಾದದ ಸಾರ. ಲೈಂಗಿಕ ಮನೋವಿಜ್ಞಾನದ ಸಂಶೋಧಕ ಹ್ಯಾವ್ಲಾಕ್ ಎಲ್ಲಿಸ್ ಅವರ ಅಧ್ಯಯನವನ್ನೂ ಮುಂದಿಟ್ಟರು. ಇದರಲ್ಲೊಂದು ವಿಚಿತ್ರ ಇದೆ: ಇದೇ ಎಲ್ಲಿಸ್ ಸಲಿಂಗ ಪ್ರೇಮದ ಬಗ್ಗೆ ಬರೆದ ಪುಸ್ತಕ ಮಾರಿದ್ದಕ್ಕಾಗಿ 1898ರಲ್ಲಿ ಇಂಗ್ಲೆಂಡಿನಲ್ಲೇ ಕೇಸ್ ನಡೆದಿತ್ತು.

ಕರ್ವೆ ಸೋತರು. 200 ರೂಪಾಯಿ ದಂಡ. ಪತ್ರಿಕೆ ಮಾತ್ರ ನಿಲ್ಲಲಿಲ್ಲ.

ವಿರೋಧ ಕೋರ್ಟಿನಿಂದ ಮಾತ್ರ ಬಂದಿದ್ದಲ್ಲ. ದೇಶದ ಅತಿ ದೊಡ್ಡ ನಾಯಕ ಗಾಂಧೀಜಿ ಕೃತಕ ಸಂತತಿ ನಿಯಂತ್ರಣವನ್ನೇ ಒಪ್ಪುತ್ತಿರಲಿಲ್ಲ. ಅವರ ಉತ್ತರ ಬ್ರಹ್ಮಚರ್ಯ. 1935ರ ಡಿಸೆಂಬರ್‌ನಲ್ಲಿ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೇ ಬಂದು ಮಾತಾಡಿದರೂ ಗಾಂಧಿ ಬದಲಾಗಲಿಲ್ಲ. ಇತ್ತ ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತತಿ ನಿಯಂತ್ರಣ ಕ್ಲಿನಿಕ್‌ಗಳಿಗೆ ಒಪ್ಪಿಗೆ ಕೊಟ್ಟಿತ್ತು. ಮುಂಬೈನಲ್ಲಿ ಒಬ್ಬ ಮನುಷ್ಯ ಕೈಯಿಂದ ದುಡ್ಡು ಹಾಕಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸರ್ಕಾರವೇ ಕೈಗೆತ್ತಿಕೊಂಡಿತ್ತು.

ಅಂದಿನ ಸಂತತಿ ನಿಯಂತ್ರಣ ಚಳವಳಿಯಲ್ಲಿ ಒಂದು ಕಪ್ಪು ಚುಕ್ಕೆಯೂ ಇದೆ. 'ಒಳ್ಳೆಯ ತಳಿ'ಯವರು ಮಾತ್ರ ಹೆಚ್ಚು ಹೆರಬೇಕು ಎಂಬ ಯೂಜೆನಿಕ್ಸ್ ವಿಚಾರ ಅದರೊಳಗೆ ಸೇರಿಕೊಂಡಿತ್ತು. ಹಲವರಿಗೆ ಜನಸಂಖ್ಯೆಯ ಲೆಕ್ಕವೇ ಮುಖ್ಯವಾಗಿತ್ತು. ಕರ್ವೆ ಬರಹ ಇವತ್ತಿಗೂ ಓದಿಸಿಕೊಳ್ಳುವುದು ಹೆಣ್ಣಿನ ಆರೋಗ್ಯ ಮತ್ತು ಸುಖವನ್ನು ಮುಂದಿಟ್ಟ ಕಾರಣಕ್ಕೆ.

ಮಾಲತಿ ಎಂಬ ಗಟ್ಟಿ ಜೀವ

ಪತ್ನಿ ಮಾಲತಿ ಇಲ್ಲದೆ ಇದ್ಯಾವುದೂ ನಡೆಯುತ್ತಿರಲಿಲ್ಲ. ಮಕ್ಕಳು ಬೇಡ ಎಂದು ಇಬ್ಬರೂ ತೀರ್ಮಾನಿಸಿದ್ದರು. ಊರೆಲ್ಲ ಆಡಿಕೊಳ್ಳುವ ಪತ್ರಿಕೆ, ಗಂಡನಿಗೆ ಕೆಲಸ ಇಲ್ಲ, ಮೇಲೆ ಕೋರ್ಟು ದಂಡ. ಬಹಿಷ್ಕಾರದ ಬಿಸಿ ಗಂಡನಷ್ಟೇ ಆಕೆಗೂ ತಟ್ಟಿತು. 1944ರಲ್ಲಿ ಮಾಲತಿ ತೀರಿಕೊಂಡರು. ಆಮೇಲೂ ಒಂಬತ್ತು ವರ್ಷ ಕರ್ವೆ ಪತ್ರಿಕೆ ನಡೆಸಿದರು. ಈ ದಾಂಪತ್ಯದ ಕಥೆಯನ್ನೇ ಅಮೋಲ್ ಪಾಲೇಕರ್ 2001ರಲ್ಲಿ 'ಧ್ಯಾಸಪರ್ವ' ಎಂಬ ಮರಾಠಿ ಸಿನಿಮಾ ಮಾಡಿದರು. ನಮ್ಮ 'ಕನ್ನೇಶ್ವರ ರಾಮ'ದಲ್ಲಿ ನಟಿಸಿದ್ದ ಅದೇ ಪಾಲೇಕರ್. ಕಿಶೋರ್ ಕದಂ ರಘುನಾಥರಾಗಿ, ಸೀಮಾ ಬಿಸ್ವಾಸ್ ಮಾಲತಿಯಾಗಿ ನಟಿಸಿದ್ದಾರೆ.

ಮುಂಬೈ ಅವರನ್ನು ಮರೆತರೂ ಅವರ ಪ್ರಶ್ನೋತ್ತರದ ಮಾದರಿಯನ್ನು ಬಿಡಲಿಲ್ಲ. 2005ರಿಂದ ಡಾ. ಮಹಿಂದರ್ ವತ್ಸ 'ಮುಂಬೈ ಮಿರರ್' ಪತ್ರಿಕೆಯಲ್ಲಿ ಬರೆದ ಅಂಕಣದ ತಮಾಷೆಯ ಉತ್ತರಗಳು ದೇಶವೆಲ್ಲ ಹರಿದಾಡಿದವು. ಕೇಳಿದ ಪ್ರಶ್ನೆಗಳಲ್ಲಿ ಎಷ್ಟೋ ಅವೇ ಹಳೇ ಭಯದವು.

1952ರಲ್ಲಿ ಸ್ವತಂತ್ರ ಭಾರತ ಸರ್ಕಾರವೇ ಕುಟುಂಬ ಯೋಜನೆ ಕಾರ್ಯಕ್ರಮ ಪ್ರಕಟಿಸಿತು. ಕರ್ವೆಗೆ ಅಷ್ಟರಲ್ಲಿ 70 ದಾಟಿತ್ತು. 1953ರ ಅಕ್ಟೋಬರ್ 14ರಂದು ನಿಧನರಾದರು. 'ಸಮಾಜ ಸ್ವಾಸ್ಥ್ಯ'ದ ಕೊನೆಯ ಸಂಚಿಕೆ ನವೆಂಬರ್‌ನಲ್ಲಿ ಹೊರಬಂತು. ಮಗನಿಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿದ ತಂದೆ ಧೋಂಡೋ ಕೇಶವ ಕರ್ವೆ, 1958ರಲ್ಲಿ ಭಾರತ ರತ್ನ ಪಡೆದರು. ಆಗ ಅವರಿಗೆ 100 ವರ್ಷ.