ಗಾಂಜಾ ತೂಗಿದ ಡಾಕ್ಟರ್, ತಂತಿ ಎಳೆದ ಎಂಜಿನಿಯರ್

ಟೆಲಿಗ್ರಾಮ್ ಅಂದ್ರ ನಮಗ ನೆನಪಾಗೋದು ನೋಟ್ಸು, ಸಿನಿಮಾ ಸಿಗೋ ಆ್ಯಪ್ ಅಷ್ಟ. ನಮ್ಮ ಅಜ್ಜಂದಿರ ಕಾಲದಾಗ ಹಂಗಿರಲಿಲ್ಲ. ತಂತಿ ಬಂತು ಅಂದ್ರ ಅದನ್ನ ಒಡೆದು ಓದೋಕಿಂತ ಮೊದಲೇ ಮನೆಯಾಗ ಅಳು ಶುರು. ಆ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು. ಅದನ್ನು ಈ ದೇಶದಲ್ಲಿ ಕಟ್ಟಿ ನಿಲ್ಲಿಸಿದವನು ಎಂಜಿನಿಯರಿಂಗ್ ಓದಿದವನಲ್ಲ, ಡಾಕ್ಟರ್. ತಂತಿಗಿಂತ ಮೊದಲು ಅವನು ಹೆಸರು ಮಾಡಿದ್ದು ಗಾಂಜಾ ಮೇಲಿನ ಪ್ರಯೋಗಗಳಿಂದ. ಹೆಸರು ವಿಲಿಯಂ ಬ್ರೂಕ್ ಓಶಾನೆಸ್ಸಿ.

ಈ ಸಲ ಇವನ ಕಥೆಯನ್ನೇ ಯಾಕೆ ಆರಿಸಿದೆವು ಅನ್ನೋದಕ್ಕೆ ಎರಡು ಕಾರಣ. ಒಂದು ನಮ್ಮ ಹಾಸ್ಟೆಲ್‌ನಾಗ ನಡೆದದ್ದು. ಇನ್ನೊಂದು ಘೋಣಸಗಿಯಲ್ಲಿ ಕಂಡದ್ದು.

ಮೊದಲನೇದು ಹೇಳಿಬಿಡ್ತೀವಿ. ನಮ್ಮ ಬ್ಯಾಚಿನ ಗೆಳೆಯನೊಬ್ಬ ಗಾಂಜಾ ಚಟಕ್ಕೆ ಬಿದ್ದಿದ್ದ. ತಿಂಗಳ ಕೊನೆಗೆ ರೊಕ್ಕ ಮುಗಿದಾಗ, ಬೇರೆಯವರು ಆರಿಸಿ ಒಗೆದ ಬೀಜ, ಕಡ್ಡಿಗಳನ್ನು ಒಂದು ಡಬ್ಬಿಯೊಳಗ ಕೂಡಿಡುತ್ತಿದ್ದ. ಏನೂ ಇಲ್ಲದ ದಿನ ಅದನ್ನೇ ಸುತ್ತಿ ಸೇದುತ್ತಿದ್ದ. ಬೀಜ ಚಟ್ ಅಂತ ಸಿಡಿದು ಹಾಸಿಗೆಗೆ ತೂತು ಬೀಳುತ್ತಿತ್ತು. ನಾವು ನಗುತ್ತಿದ್ದೆವು. ಅವನಿಗೆ ಕಡ್ಡಿ ಅಂತ ಅಡ್ಡಹೆಸರನ್ನೂ ಇಟ್ಟಿದ್ದೆವು. ಇಂಟರ್ನಲ್ಸ್ ಹಿಂದಿನ ರಾತ್ರಿ ಅವನಿಗೆ ಕೆಮ್ಮು ಹತ್ತಿತು, ನಿಲ್ಲಲೇ ಇಲ್ಲ. ಎದೆ ಹಿಡಿದುಕೊಂಡು ಕೂತ ಅವನ ಮುಖ ನೋಡಿ ನಮ್ಮ ನಗು ಆರಿಹೋಯಿತು. ಆಟೋ ಹಿಡಿದು ಆಸ್ಪತ್ರೆಗೆ ಕರಕೊಂಡು ಹೋದೆವು. ಬೆಳಗಿನ ತನಕ ಬೆಂಚಿನ ಮ್ಯಾಲ ಕೂತಾಗ ಒಂದು ಪ್ರಶ್ನೆ ತಲೆಯಾಗ ಉಳಿಯಿತು. ಆ ಬೀಜ, ಕಡ್ಡಿಯೊಳಗ ಖರೇನೇ ಏನಾದರೂ ಐತೇನು? ಉತ್ತರ ಹುಡುಕುತ್ತ ಹೋದಾಗ ಸಿಕ್ಕವನೇ ಓಶಾನೆಸ್ಸಿ.

ಇವನು ಹುಟ್ಟಿದ್ದು ಐರ್ಲೆಂಡಿನ ಲಿಮೆರಿಕ್‌ನಲ್ಲಿ, 1809ರ ಹೊತ್ತಿಗೆ. 1829ರಲ್ಲಿ ಎಡಿನ್‌ಬರೋದಲ್ಲಿ ವೈದ್ಯ ಪದವಿ ಮುಗಿಸಿದ. ಲಂಡನ್ನಿನಲ್ಲಿ ವೈದ್ಯವೃತ್ತಿ ಮಾಡೋಕೆ ಲೈಸೆನ್ಸ್ ಸಿಗಲಿಲ್ಲ. ಹಂಗಂತ ಸುಮ್ನ ಕೂಡಲಿಲ್ಲ, ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಇಳಿದ. 1831ರಲ್ಲಿ ಇಂಗ್ಲೆಂಡಿಗೆ ಕಾಲರಾ ಬಂತು. ದೊಡ್ಡ ದೊಡ್ಡ ಡಾಕ್ಟರುಗಳು ರೋಗಿಯ ರಕ್ತ ಹೊರಗ ತೆಗೆಯೋದೇ ಚಿಕಿತ್ಸೆ ಅಂತ ನಂಬಿದ್ದ ಕಾಲ ಅದು. ಇಪ್ಪತ್ತೆರಡರ ಈ ಹುಡುಗ ರೋಗಿಗಳ ರಕ್ತವನ್ನು ಪರೀಕ್ಷೆ ಮಾಡಿ ನೋಡಿದ. ನೀರು ಹೋಗಿದೆ, ಉಪ್ಪು ಹೋಗಿದೆ. ಹೋದದ್ದನ್ನೇ ವಾಪಸ್ ನರದೊಳಗೆ ಹಾಕಬೇಕು ಅಂತ ಬರೆದ. ಮರುವರ್ಷ ಥಾಮಸ್ ಲಟ್ಟಾ ಅನ್ನೋ ಸ್ಕಾಟ್ಲೆಂಡಿನ ಡಾಕ್ಟರ್ ಅದನ್ನು ಮಾಡಿ ತೋರಿಸಿದ. ಆಸ್ಪತ್ರೆಯಾಗ ನಮ್ಮ ಗೆಳೆಯನ ಕೈಗೆ ಹಚ್ಚಿದ್ದ ಸಲೈನ್ ಬಾಟಲಿಯ ಬೇರು ಅಲ್ಲಿದೆ.

1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು ಕಲ್ಕತ್ತೆಗೆ ಬಂದ. 1835ರಲ್ಲಿ ಅಲ್ಲಿ ಮೆಡಿಕಲ್ ಕಾಲೇಜು ಶುರುವಾದಾಗ ಕೆಮಿಸ್ಟ್ರಿ ಪ್ರೊಫೆಸರ್ ಆದ. ಹಡಗಿನಲ್ಲಿ ಬರುವ ದುಬಾರಿ ಔಷಧಿಗಿಂತ ಇಲ್ಲಿಯ ಬಜಾರಿನಲ್ಲಿ ಸಿಗುವ ಗಿಡಮೂಲಿಕೆ ಒಳಗ ಕೆಲಸಕ್ಕೆ ಬರೋದು ಯಾವುದು, ಬರೀ ನಂಬಿಕೆ ಯಾವುದು ಅಂತ ಒಂದೊಂದಾಗಿ ತೂಗಿ ನೋಡತೊಡಗಿದ. ಹಂಗ ತೂಗುತ್ತ ಗಾಂಜಾಕ್ಕೆ ಬಂದ.

ಮೊದಲು ಊರವರನ್ನು, ಹಕೀಮರನ್ನು, ವೈದ್ಯರನ್ನು ಕೇಳಿದ. ಹಳೆಯ ಗ್ರಂಥಗಳಲ್ಲಿ ಏನಿದೆ ಅಂತ ತಿಳಿದವರಿಂದ ಓದಿಸಿಕೊಂಡ. ಬಜಾರಿನಲ್ಲಿ ಒಂದೇ ಗಿಡ ಮೂರು ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಅಂಟು ಸಮೇತ ಒಣಗಿಸಿದ ಹೂವಿನ ಗಿಡ ಗಾಂಜಾ. ಕಡ್ಡಿ ತೆಗೆದುಹಾಕಿದ ದೊಡ್ಡ ಎಲೆ, ಕಾಯಿಕೋಶ ಭಂಗಿ. ಬರೀ ಅಂಟು ಚರಸ್. ಚರಸ್ ಕೂಡಿಸೋ ರೀತಿಯನ್ನೂ ಅವನು ಬರೆದಿಟ್ಟಿದ್ದಾನೆ. ಚರ್ಮದ ಅಂಗಿ ತೊಟ್ಟ ಆಳುಗಳು ಗಿಡಗಳಿಗೆ ಮೈ ಉಜ್ಜುತ್ತ ಹೊಲದ ತುಂಬ ಓಡುತ್ತಿದ್ದರು. ಅಂಗಿಗೆ ಹತ್ತಿದ ಅಂಟನ್ನು ಆಮೇಲೆ ಕೆರೆದು ತೆಗೆಯುತ್ತಿದ್ದರು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಚರ್ಮದ ಅಂಗಿಯಲ್ಲೇ ಇದೆ. ಮೈ ಉಜ್ಜಿದರೆ ಹತ್ತುತ್ತದೆ ಅಂದ್ರ ಮತ್ತಿನ ವಸ್ತು ಗಿಡದ ಮೇಲ್ಮೈ ಮ್ಯಾಲ ಇರುತ್ತದೆ, ಕಟ್ಟಿಗೆಯ ಒಳಗಲ್ಲ. ಇವತ್ತು ಸೂಕ್ಷ್ಮದರ್ಶಕದಡಿ ನೋಡಿದವರು ಹೇಳುವುದೂ ಅದನ್ನೇ. ಹೆಣ್ಣು ಹೂವಿನ ಸುತ್ತ ಇರುವ ಸಣ್ಣ ಸಣ್ಣ ಗ್ರಂಥಿರೋಮಗಳಲ್ಲಿ ಅದು ತಯಾರಾಗುತ್ತದೆ. ಕಡ್ಡಿಯಲ್ಲಿ ಇರೋದು ತೀರ ಕಡಿಮೆ. ಬೀಜದೊಳಗಂತೂ ಇಲ್ಲವೇ ಇಲ್ಲ ಅನ್ನಬಹುದು, ಸಿಕ್ಕರೆ ಹೊರಗಿನ ಸಿಪ್ಪೆಗೆ ಮೆತ್ತಿದ ಅಂಟು ಅಷ್ಟ. ಬೀಜದ ಒಳಗಿರೋದು ಎಣ್ಣೆ, ಪ್ರೋಟೀನು. ಕಡ್ಡಿಯೊಳಗಿರೋದು ನಾರು, ಕಟ್ಟಿಗೆ. ಅದನ್ನು ಸೇದಿದರೆ ಎದೆಗೆ ಹೋಗೋದು ಸುಟ್ಟ ಎಣ್ಣೆಯ ಹೊಗೆ, ಟಾರು, ಕಾರ್ಬನ್ ಮೊನಾಕ್ಸೈಡು. ಒಲೆ ಊದುವಾಗ ಕಣ್ಣು ಉಜ್ಜಿಕೊಂಡು ದೂರ ಸರಿಯುವ ನಾವು ಅದೇ ಹೊಗೆಯನ್ನು ಕಾಗದದಲ್ಲಿ ಸುತ್ತಿ ಒಳಗೆ ಎಳೆದುಕೊಂಡ ಹಾಗೆ. ಮತ್ತೂ ಇಲ್ಲ, ಸುಖವೂ ಇಲ್ಲ, ಕೆಮ್ಮು ಮಾತ್ರ ಖಾತ್ರಿ.

ಓಶಾನೆಸ್ಸಿ ಗಾಂಜಾದ ಅಂಟನ್ನು ಮದ್ಯಸಾರದಲ್ಲಿ ಕರಗಿಸಿ, ಆರಿಸಿ, ಗಟ್ಟಿ ಸಾರ ತೆಗೆದ. ಮೊದಲು ನಾಯಿ, ಬೆಕ್ಕು, ಮೀನು, ಕುದುರೆ, ಆಡುಗಳಿಗೆ ಕೊಟ್ಟು ನೋಡಿದ. ಮಾಂಸ ತಿನ್ನುವ ಪ್ರಾಣಿಗಳಿಗೆ ಮತ್ತು ಏರಿತು, ಹುಲ್ಲು ತಿನ್ನುವವಕ್ಕೆ ಅಷ್ಟಾಗಿ ಏನೂ ಆಗಲಿಲ್ಲ. ಮನುಷ್ಯರ ಸರದಿ ಬಂದಾಗ ಅವನ ವಿದ್ಯಾರ್ಥಿಗಳೇ ತಮ್ಮ ಮ್ಯಾಲ ಪ್ರಯೋಗಕ್ಕೆ ಇಳಿದರು. ಇಪ್ಪತ್ತು ವರ್ಷದ, ಮಾತೇ ಆಡದ ಸಂಕೋಚದ ಹುಡುಗನೊಬ್ಬ ಔಷಧಿ ಕುಡಿದು, ತಾನು ರಾಜ ಅಂತ ತಿಳಿದು, ಸಹಪಾಠಿಗಳಿಗೆಲ್ಲ ಅಪ್ಪಣೆ ಕೊಡುತ್ತ ಕೂತನಂತೆ. ಓದಿದಾಗ ನಗು ಬರುತ್ತದೆ. ಆದರೆ ಅದೇ ವರದಿಯೊಳಗ ಇನ್ನೊಂದು ಪ್ರಸಂಗ ಇದೆ. ಸಂಧಿವಾತದ ರೋಗಿಯೊಬ್ಬನಿಗೆ ಒಂದೇ ಒಂದು ಗ್ರೇನ್, ಅಂದ್ರ ಸುಮಾರು 65 ಮಿಲಿಗ್ರಾಂ, ಸಾರ ಕೊಟ್ಟ. ಕೆಲವು ತಾಸಿನ ಮೇಲೆ ಅವನ ಕೈ ಎತ್ತಿ ಹೆಂಗಿಟ್ಟರೆ ಹಂಗೇ ನಿಂತಿತು, ಮರದ ಗೊಂಬೆಯ ಕೈಯಂತೆ. ಡಾಕ್ಟರನೇ ಹೆದರಿದ. ಆಮೇಲೆ ಪ್ರಮಾಣ ಇಳಿಸಿದ. ದಿನಾ ಸೇವಿಸುವವರಿಗೆ ಆಗುವ ಬುದ್ಧಿಭ್ರಮೆಯ ಬಗ್ಗೆಯೂ ಎಚ್ಚರಿಕೆ ಬರೆದ.

ಫಲಿತಾಂಶವನ್ನು 1839ರಲ್ಲಿ ಕಲ್ಕತ್ತೆಯ ವೈದ್ಯಸಂಘದ ಮುಂದೆ ಇಟ್ಟ. ಧನುರ್ವಾಯು, ಮಕ್ಕಳ ಸೆಳೆತ, ಕಾಲರಾ ಮುಂತಾದವುಗಳಲ್ಲಿ ಎಲ್ಲಿ ಉಪಯೋಗ ಕಂಡಿತು, ಎಲ್ಲಿ ಬರೀ ನೋವು ಕಡಿಮೆಯಾಯಿತು ಅಂತ ಬೇರೆ ಬೇರೆಯಾಗಿ ಹೇಳಿದ. ನಾಯಿಹುಚ್ಚು ಹಿಡಿದ ಹಕೀಮನೊಬ್ಬನಿಗೆ ಆ ಔಷಧಿಯಿಂದ ನೀರು ನುಂಗೋಕೆ ಆಯಿತು, ಸಂಕಟ ಇಳಿಯಿತು, ಆದರೆ ಜೀವ ಉಳಿಯಲಿಲ್ಲ. ಉಳಿಯಲಿಲ್ಲ ಅಂತಲೇ ಬರೆದ, ಮುಚ್ಚಿಡಲಿಲ್ಲ. ರಜೆಯ ಮೇಲೆ ಲಂಡನ್ನಿಗೆ ಹೋದಾಗ ಗಾಂಜಾವನ್ನೂ ಒಯ್ದ. ಅಲ್ಲಿಯ ಔಷಧಿ ಅಂಗಡಿಗಳಲ್ಲಿ ಅದು ಹಲವು ದಶಕ ಮಾರಾಟವಾಯಿತು. ಒಂದು ಬಾಟಲಿಯ ಶಕ್ತಿ ಇನ್ನೊಂದಕ್ಕೆ ಇರುತ್ತಿರಲಿಲ್ಲ ಅನ್ನೋದೇ ದೊಡ್ಡ ತೊಂದರೆ. ಒಳಗಿರುವ ಮತ್ತಿನ ವಸ್ತು ಟಿಎಚ್‌ಸಿಯನ್ನು ಬೇರೆ ಮಾಡಿ ಗುರುತಿಸಿದ್ದು 1964ರಲ್ಲಿ, ಇಸ್ರೇಲಿನಲ್ಲಿ. ಅಂದ್ರ ಎಷ್ಟು ಕೊಟ್ಟೆವು ಅಂತ ಖಚಿತವಾಗಿ ಹೇಳೋಕೆ ಡಾಕ್ಟರುಗಳಿಗೇ ನೂರಿಪ್ಪತ್ತೈದು ವರ್ಷ ಬೇಕಾಯಿತು. ಹಾಸ್ಟೆಲ್ ಟೆರೇಸಿನ ಮ್ಯಾಲ ನಮಗೆ ಹೆಂಗ ಗೊತ್ತಾಗಬೇಕು?

ಅದೇ 1839ರಲ್ಲಿ ಈ ಮನುಷ್ಯ ಇನ್ನೊಂದು ಕೆಲಸಕ್ಕೆ ಕೈ ಹಾಕಿದ್ದ. ಕಲ್ಕತ್ತೆಯ ಬಟಾನಿಕಲ್ ಗಾರ್ಡನ್ ಹತ್ತಿರ ಬಿದಿರಿನ ಕಂಬ ನೆಟ್ಟು ಮೈಲುಗಟ್ಟಲೆ ಕಬ್ಬಿಣದ ತಂತಿ ಎಳೆದ. ಸರ್ಕ್ಯೂಟ್ ಪೂರ್ತಿ ಮಾಡೋಕೆ ಹೂಗ್ಲಿ ನದಿಯ ನೀರನ್ನೇ ವಾಹಕ ಮಾಡಿಕೊಂಡ. ಸಂದೇಶ ಓದೋ ಯಂತ್ರ ಇರಲಿಲ್ಲ, ಬೆರಳಿಗೆ ಹೊಡೆಯುವ ಸಣ್ಣ ಶಾಕ್‌ನಿಂದಲೇ ಓದಿದ. ಮೋರ್ಸ್ ತನ್ನ ಪ್ರಸಿದ್ಧ ಸಂದೇಶ ಕಳಿಸಿದ್ದು ಇದಾದ ಐದು ವರ್ಷಕ್ಕೆ. ಆದರೆ ಸರ್ಕಾರ ಕಿವಿಗೊಡಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾದ. ಡಾಲ್‌ಹೌಸಿಯ ಕಾಲಕ್ಕೆ ಅನುಮತಿ ಸಿಕ್ಕಿತು. 1851ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರ್ ತನಕ ತಂತಿ ಓಡಿತು. ಯುರೋಪಿನ ಸಣ್ಣ ತಂತಿ ಇಲ್ಲಿಯ ಬಿರುಗಾಳಿ, ಮಂಗ, ಹಕ್ಕಿಗಳಿಗೆ ತಾಳೋದಿಲ್ಲ ಅಂತ ದಪ್ಪ ಕಬ್ಬಿಣದ ಸರಳು ಬಳಸಿದ. 1854ರ ಮಾರ್ಚ್‌ನಲ್ಲಿ 800 ಮೈಲು ದೂರದ ಆಗ್ರಾ ಮುಟ್ಟಿತು. ಮರುವರ್ಷ ಸೇವೆ ಜನಸಾಮಾನ್ಯರಿಗೂ ತೆರೆಯಿತು. ಮುಂಬೈ, ಮದ್ರಾಸ್ ಜೊತೆ ನಮ್ಮ ಬೆಂಗಳೂರೂ ಆ ಜಾಲದೊಳಗ ಸೇರಿತು. 1856ರಲ್ಲಿ ರಾಣಿ ವಿಕ್ಟೋರಿಯಾ ಅವನಿಗೆ ಸರ್ ಪದವಿ ಕೊಟ್ಟಳು, ಗಾಂಜಾಕ್ಕಲ್ಲ, ತಂತಿಗೆ. ಮುಂದಿನ ವರ್ಷವೇ ದಂಗೆ. ಅದನ್ನು ಅಡಗಿಸೋಕೆ ಬ್ರಿಟಿಷರಿಗೆ ದೊಡ್ಡ ಆಸರೆಯಾದದ್ದೂ ಇದೇ ತಂತಿ. ಕಟ್ಟಿದವನ ಕೈಚಳಕ ಮೆಚ್ಚುವಾಗ ಅದನ್ನೂ ಮರೆಯಬಾರದು.

1860ರ ದಶಕದ ಆರಂಭದಲ್ಲಿ ಇಂಗ್ಲೆಂಡಿಗೆ ಮರಳಿ, ಹೆಸರು ಬದಲಿಸಿಕೊಂಡು, ಸದ್ದಿಲ್ಲದೆ ಬದುಕಿದ. 1889ರ ಜನವರಿಯಲ್ಲಿ ಸೌತ್‌ಸೀ ಎಂಬಲ್ಲಿ ತೀರಿಕೊಂಡ. ಸಲೈನ್, ಗಾಂಜಾ, ತಂತಿ, ಮೂರರಲ್ಲೂ ಅವನು ಕೇಳಿದ್ದು ಒಂದೇ ಪ್ರಶ್ನೆ ಅಂತ ನಮಗನಿಸುತ್ತದೆ. ಇದರೊಳಗ ಖರೇ ಏನಿದೆ, ಅದು ಯಾವ ಕೆಲಸಕ್ಕೆ ಬರುತ್ತದೆ?

ಈಗ ಘೋಣಸಗಿ. ತಿಕೋಟಾ ತಾಲೂಕಿನ ಈ ಊರು ನಮ್ಮ ಇನ್ನೊಬ್ಬ ಗೆಳೆಯನದು. ಕಡ್ಡಿ ಹುಷಾರಾದ ಮ್ಯಾಲ ಎರಡು ದಿನ ಎಲ್ಲರೂ ಅಲ್ಲಿಗೆ ಹೋಗಿದ್ದೆವು. ಗೆಳೆಯನ ಆಯಿ ಕುಸುಬಿ ಎಣ್ಣೆ, ಬಳ್ಳೊಳ್ಳಿ ಒಗ್ಗರಣೆ ಹಾಕಿದ ಪುಂಡಿಪಲ್ಲೆ, ಬಿಸಿ ಜೋಳದ ರೊಟ್ಟಿ ಬಡಿಸಿದಳು. ಊಟ ಆದ ಮ್ಯಾಲ ಕಟ್ಟೆಯ ಮ್ಯಾಲ ಕೂತು ನಾರು ಹೊಸೆಯತೊಡಗಿದಳು. ಅದೂ ಪುಂಡಿಯದೇ. ಎಲೆ ಪಲ್ಲೆಗೆ. ಬಲಿತ ದಂಟನ್ನು ನೀರಿನಾಗ ಕೊಳೆಹಾಕಿದರೆ ಸಿಪ್ಪೆಯ ನಾರು ಬಿಡುತ್ತದೆ, ಅದು ದನ ಕಟ್ಟೋ ಕಣ್ಣಿಗೆ. ಒಳಗಿನ ಕಟ್ಟಿಗೆ ಒಲೆಗೆ. ಬೀಜ ಮುಂದಿನ ಬಿತ್ತನೆಗೆ. ಆಯಿಯ ಮನೆಯಾಗ ಕಸ ಅನ್ನೋದೇ ಇರಲಿಲ್ಲ.

ನಾರಿನ ಪುಂಡಿಗೆ ಲಿನ್ನೇಯಸ್ ಇಟ್ಟ ಹೆಸರು ಹಿಬಿಸ್ಕಸ್ ಕ್ಯಾನಬಿನಸ್, ಗಾಂಜಾ ಗಿಡದಂಥ ದಾಸವಾಳ ಅಂತ ಅರ್ಥ. ಗಾಂಜಾ ಗಿಡದ ಕಡ್ಡಿಗೂ ಜಗತ್ತು ಮಾಡಿದ್ದು ಇದನ್ನೇ. ಹಡಗಿನ ಹಗ್ಗ, ಹಾಯಿ, ಕಾಗದ. ಎಲ್ಲೋರದ ಗುಹೆಗಳ ಮಣ್ಣಿನ ಗಿಲಾವಿನೊಳಗೆ ಈ ಗಿಡದ ನಾರು ಬೆರೆಸಿದ್ದನ್ನು 2016ರಲ್ಲಿ ಸಂಶೋಧಕರು ಪ್ರಕಟಿಸಿದರು. ಸುಣ್ಣದ ಜೊತೆ ಕಡ್ಡಿಯ ತುಣುಕು ಕಲಸಿ ಹಗುರ ಗೋಡೆ ಕಟ್ಟೋದು ಇವತ್ತಿನ ಸಿವಿಲ್ ಎಂಜಿನಿಯರಿಂಗ್. ಬೀಜ, ಬೀಜದ ಎಣ್ಣೆ, ಹಿಟ್ಟನ್ನು ಆಹಾರವಾಗಿ ಮಾರೋಕೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ನಿಯಮ ಮಾಡಿತು.

ಹಂಗಂತ ಯಾರೂ ಡಬ್ಬಿಯೊಳಗಿನ ಬೀಜ ಬಿತ್ತೋಕೆ ಹೋಗಬ್ಯಾಡ್ರಿ. ಲೈಸೆನ್ಸ್ ಇಲ್ಲದೆ ಆ ಗಿಡ ಬೆಳೆಯೋದು 1985ರ ಮಾದಕವಸ್ತು ಕಾಯ್ದೆಯಡಿ ಅಪರಾಧ, ಸೇದೋದೂ ಅಪರಾಧ. ಕಾನೂನಿನ ತಕರಾರೇ ಇಲ್ಲದ ಪುಂಡಿ ನಮ್ಮ ಹೊಲದಾಗೇ ಇದೆ. ಅದರ ನಾರಿನಿಂದ ಕಾರಿನ ಬಾಗಿಲಿನ ಪ್ಯಾನೆಲ್ ಮಾಡುತ್ತಾರೆ. ಮೆಕ್ಯಾನಿಕಲ್‌ನವರು ರಾಳದೊಳಗ ಹಾಕಿ ಎಳೆದು ನೋಡ್ರಿ, ಸಿವಿಲ್‌ನವರು ಸುಣ್ಣದೊಳಗ ಕಲಸಿ ನೋಡ್ರಿ.

ಆ ಡಬ್ಬಿ ಏನಾಯಿತು ಅಂತ ಕೇಳಬಹುದು. ಗೆಳೆಯ ತಾನೇ ಅದನ್ನು ಶೌಚಾಲಯದೊಳಗ ಸುರಿದು ನೀರು ಬಿಟ್ಟ. ಚಟ ಅಷ್ಟರಿಂದ ಹೋಗಲಿಲ್ಲ. ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿ ಮಾತಾಡಿದ, ಡಾಕ್ಟರ್ ಹತ್ತಿರ ಹೋದ, ನಡುವ ಒಮ್ಮೆ ಜಾರಿದ, ಮತ್ತ ಎದ್ದ. ಅವನನ್ನು ನಾವು ಈಗ ಕಡ್ಡಿ ಅಂತ ಕರೆಯೋದಿಲ್ಲ. ಅವನ ಫೈನಲ್ ಇಯರ್ ಪ್ರಾಜೆಕ್ಟು ಪುಂಡಿಕಟ್ಟಿಗೆ ಬೆರೆಸಿದ ಸುಣ್ಣದ ಇಟ್ಟಿಗೆ. ಮೊದಲ ಮೂರು ಇಟ್ಟಿಗೆ ಅಚ್ಚಿನಿಂದ ತೆಗೆಯುವಾಗಲೇ ಪುಡಿಯಾದವು. ನಾಲ್ಕನೇದು ನಿಂತಿದೆ. ಕಟ್ಟಿಗೆ ಆಯಿಯೇ ಕಳಿಸಿದ್ದು.