ಮಾವುತನ ಮಗ ಸಾಬು (1924–1963): ಮೂಲ ಭಿತ್ತಿಪತ್ರಗಳಲ್ಲಿ ಉಳಿದ ಮೈಸೂರಿನ ನಟ

ಪೀಠಿಕೆ

ಮೈಸೂರು ಸಂಸ್ಥಾನದ ಆನೆಲಾಯದಲ್ಲಿ ಬೆಳೆದು, ಇಂಗ್ಲೆಂಡ್, ಅಮೆರಿಕ ಮತ್ತು ಇಟಲಿಯ ಚಲನಚಿತ್ರಗಳಲ್ಲಿ ಅಭಿನಯಿಸಿದ ಸಾಬು ಅವರು ಹಾಲಿವುಡ್‌ನಲ್ಲಿ ತಾರಾಪದವಿ ಪಡೆದ ಭಾರತೀಯ ಮೂಲದ ನಟರಲ್ಲಿ ಮೊದಲಿಗರ ಸಾಲಿಗೆ ಸೇರಿದವರು. ಕನ್ನಡವೂ ಸೇರಿದಂತೆ ಭಾರತೀಯ ನಿರ್ಮಾಪಕರ ಯಾವುದೇ ಚಿತ್ರದಲ್ಲಿ ಅವರು ಅಭಿನಯಿಸಲಿಲ್ಲ. ಈ ಕಾರಣದಿಂದ ಅವರ ಹೆಸರು ಹೊರದೇಶಗಳಲ್ಲಿ ಉಳಿದಷ್ಟು ಹುಟ್ಟಿದ ನಾಡಿನಲ್ಲಿ ಉಳಿದಿಲ್ಲ.

ಅವರ ಚಿತ್ರಗಳ ಬಿಡುಗಡೆಯ ಸಮಯದಲ್ಲಿ ಮುದ್ರಣಗೊಂಡ ಮೂಲ ಭಿತ್ತಿಪತ್ರಗಳು (ಪೋಸ್ಟರ್) ಇಂದು ಸಂಗ್ರಾಹಕರು ಹುಡುಕುವ ವಸ್ತುಗಳಾಗಿವೆ. ಅವುಗಳಲ್ಲಿ ವಿಶೇಷವಾದುದು 1952ರ ಇಟಲಿಯ ಹಾಸ್ಯಚಿತ್ರವೊಂದರ ಭಿತ್ತಿಪತ್ರ. ಸಾಬು ಅವರ ಜೀವನ ಹಾಗೂ ಮೂಲ ಭಿತ್ತಿಪತ್ರಗಳನ್ನು ಗುರುತಿಸುವ ಬಗೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಸಾಬು ಅವರು 1924ರ ಜನವರಿ 27ರಂದು ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ಜನಿಸಿದರು. ಹೆಗ್ಗಡದೇವನಕೋಟೆ ತಾಲ್ಲೂಕಿನ ಈ ಗ್ರಾಮವು ಕಬಿನಿ ನದಿಯ ಅರಣ್ಯ ಪ್ರದೇಶದಲ್ಲಿದೆ. ಕಾಡಾನೆಗಳನ್ನು ಹಿಡಿದು ಪಳಗಿಸುವ ಖೆಡ್ಡಾ ಕಾರ್ಯಾಚರಣೆಗೆ ಈ ಭಾಗವು ಹೆಸರಾಗಿತ್ತು. 1971ರಲ್ಲಿ ಇಲ್ಲಿ ಕೊನೆಯ ಖೆಡ್ಡಾ ನಡೆಯಿತು.

ಸಾಬು ಅವರ ತಂದೆ ಮಹಾರಾಜರ ಸೇವೆಯಲ್ಲಿದ್ದ ಮಾವುತರು. ತಾಯಿಯನ್ನು ಎಳವೆಯಲ್ಲಿಯೇ ಕಳೆದುಕೊಂಡ ಬಾಲಕನಿಗೆ ಸ್ವಲ್ಪ ವರ್ಷಗಳ ನಂತರ ತಂದೆಯ ಆಸರೆಯೂ ತಪ್ಪಿತು. ಅನಾಥರಾದ ಸಾಬು ಅವರು ಅರಮನೆಯ ಆನೆಲಾಯದ ಆಶ್ರಯದಲ್ಲಿ, ಅಣ್ಣನ ಜೊತೆಯಲ್ಲಿ ಬೆಳೆದರು. ಆನೆಯ ಮೇಲೇರುವುದು, ಅದನ್ನು ಮೀಯಿಸುವುದು, ಅದಕ್ಕೆ ಮೇವು ಹಾಕುವುದು ಅವರಿಗೆ ಮನೆಕೆಲಸದಷ್ಟೇ ಸಹಜವಾಗಿತ್ತು.

ಚಿತ್ರರಂಗ ಪ್ರವೇಶ

ಸಾಕ್ಷ್ಯಚಿತ್ರಗಳಿಗೆ ಖ್ಯಾತರಾದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಅವರು 1935ರಲ್ಲಿ ಮೈಸೂರಿಗೆ ಬಂದರು. ರಡ್ಯಾರ್ಡ್ ಕಿಪ್ಲಿಂಗ್ ಅವರ ಕಥೆಯೊಂದನ್ನು ಆಧರಿಸಿ, ಲಂಡನ್ನಿನ ನಿರ್ಮಾಪಕ ಅಲೆಗ್ಸಾಂಡರ್ ಕೊರ್ಡಾ ಅವರಿಗಾಗಿ ಚಿತ್ರ ತಯಾರಿಸುವುದು ಅವರ ಉದ್ದೇಶವಾಗಿತ್ತು. ಆಗಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ತಂಡಕ್ಕೆ ಆನೆಗಳನ್ನೂ ಇತರ ನೆರವನ್ನೂ ಒದಗಿಸಿದರು. ನಗರದ ಚಿತ್ತರಂಜನ್ ಅರಮನೆಯನ್ನು ತಂಡದ ಬಳಕೆಗೆ ನೀಡಲಾಯಿತು. ಇದೇ ಕಟ್ಟಡದ ಆವರಣದಲ್ಲಿ ಮುಂದೆ ಪ್ರೀಮಿಯರ್ ಸ್ಟುಡಿಯೋ ನಡೆಯಿತು.

ಚಿತ್ರದ ಮುಖ್ಯ ಪಾತ್ರಕ್ಕೆ ಆನೆಯೊಂದಿಗೆ ಅಂಜಿಕೆಯಿಲ್ಲದೆ ಒಡನಾಡಬಲ್ಲ ಹುಡುಗನೊಬ್ಬ ಬೇಕಾಗಿದ್ದನು. ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಅವರ ಕಣ್ಣಿಗೆ ಸಾಬು ಬಿದ್ದರು. ಚಿತ್ರದ ಆನೆಯಾಗಿ ಅರಮನೆಯ ಐರಾವತ ಕಾಣಿಸಿಕೊಂಡಿತು. ಮೈಸೂರಿನ ಚಿತ್ರೀಕರಣ ಮುಗಿದ ನಂತರ 1936ರಲ್ಲಿ ಸಾಬು ಅವರನ್ನು ಅಣ್ಣನೊಂದಿಗೆ ಇಂಗ್ಲೆಂಡಿಗೆ ಕರೆದೊಯ್ಯಲಾಯಿತು. ಉಳಿದ ದೃಶ್ಯಗಳನ್ನು ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಜೊಲ್ಟಾನ್ ಕೊರ್ಡಾ ಅವರು ನಿರ್ದೇಶಿಸಿದರು. 1937ರಲ್ಲಿ ಬಿಡುಗಡೆಯಾದ ಈ ಚಿತ್ರ 'ಎಲಿಫೆಂಟ್ ಬಾಯ್'. ಅದೇ ವರ್ಷ ವೆನಿಸ್ ಚಲನಚಿತ್ರೋತ್ಸವದಲ್ಲಿ ಅದಕ್ಕೆ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ದೊರೆಯಿತು.

ಹೆಸರಿನ ವಿಚಾರ

ಭಿತ್ತಿಪತ್ರಗಳಲ್ಲಿ ಈ ನಟರ ಹೆಸರು 'ಸಾಬು' ಎಂಬ ಒಂದೇ ಪದವಾಗಿ ಅಚ್ಚಾಗಿದೆ. ಕಾನೂನು ವ್ಯವಹಾರಗಳಲ್ಲಿ ಅವರು ಸಾಬು ದಸ್ತಗೀರ್ ಎಂಬ ಹೆಸರನ್ನು ಬಳಸುತ್ತಿದ್ದರು. ಬಹುತೇಕ ಪರಾಮರ್ಶನ ಗ್ರಂಥಗಳಲ್ಲಿಯೂ ಅದೇ ಹೆಸರಿದೆ. ಆದರೆ ದಸ್ತಗೀರ್ ಎಂಬುದು ಅವರ ಅಣ್ಣನ ಹೆಸರು, ಅದು ದಾಖಲೆಗಳಲ್ಲಿ ತಮ್ಮನ ಹೆಸರಿಗೆ ಸೇರಿಕೊಂಡಿತು ಎಂಬುದು ಅವರ ಜೀವನವನ್ನು ಅಧ್ಯಯನ ಮಾಡಿದ ಫಿಲಿಪ್ ಲೀಬ್‌ಫ್ರೀಡ್ ಅವರ ಅಭಿಪ್ರಾಯ. ತಂದೆ ತಾಯಿ ಇಬ್ಬರೂ ಇಲ್ಲದ ಬಾಲಕನೊಬ್ಬನು ಸಮುದ್ರ ದಾಟಿದಾಗ, ಬರೆದುಕೊಂಡವರು ಬರೆದುದೇ ಹೆಸರಾಗುವ ಸಂದರ್ಭವಿತ್ತು ಎಂಬುದನ್ನು ಇದರಿಂದ ಊಹಿಸಬಹುದು. ಹಳೆಯ ಭಿತ್ತಿಪತ್ರ ಹಾಗೂ ದಾಖಲೆಗಳನ್ನು ಹುಡುಕುವವರು ಈ ಎರಡೂ ರೂಪಗಳನ್ನು ಗಮನದಲ್ಲಿಡಬೇಕಾಗುತ್ತದೆ.

ಖ್ಯಾತಿಯ ವರ್ಷಗಳು

1938ರಲ್ಲಿ 'ದಿ ಡ್ರಮ್' ತೆರೆಕಂಡಿತು. ವಾಯವ್ಯ ಗಡಿನಾಡಿನಲ್ಲಿ ಬ್ರಿಟಿಷ್ ಆಳ್ವಿಕೆಯನ್ನು ಮೆಚ್ಚಿ ತೋರಿಸಿದ್ದ ಈ ಚಿತ್ರದ ವಿರುದ್ಧ ಮುಂಬಯಿ ಮತ್ತು ಮದ್ರಾಸ್ ನಗರಗಳಲ್ಲಿ ಪ್ರತಿಭಟನೆಗಳು ನಡೆದವು. ಹದಿಹರೆಯದ ನಟನೊಬ್ಬನು ತನ್ನ ದೇಶದ ಜನ ಒಪ್ಪದ ಚಿತ್ರದಿಂದಲೇ ಪಶ್ಚಿಮ ದೇಶಗಳಲ್ಲಿ ಹೆಸರು ಗಳಿಸಬೇಕಾಯಿತು.

1940ರ 'ದಿ ಥೀಫ್ ಆಫ್ ಬಾಗ್ದಾದ್' ಚಿತ್ರದಲ್ಲಿ ಅವರದು ಅಬು ಎಂಬ ಚುರುಕು ಕಳ್ಳನ ಪಾತ್ರ. ಎರಡನೆಯ ಮಹಾಯುದ್ಧದ ಕಾರಣ ಇಂಗ್ಲೆಂಡಿನಲ್ಲಿ ಆರಂಭವಾದ ಚಿತ್ರೀಕರಣವನ್ನು ಅಮೆರಿಕದಲ್ಲಿ ಪೂರ್ಣಗೊಳಿಸಲಾಯಿತು. ಈ ಚಿತ್ರವು 3 ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿತು. 1942ರ 'ಜಂಗಲ್ ಬುಕ್' ಚಿತ್ರದಲ್ಲಿ ಮೊಗ್ಲಿಯಾಗಿ ಅಭಿನಯಿಸಿದ ಸಾಬು ಅವರೇ ಆ ಚಿತ್ರದ ಪ್ರಧಾನ ತಾರೆ. ಅದೇ ವರ್ಷ ಯೂನಿವರ್ಸಲ್ ಸಂಸ್ಥೆಯ 'ಅರೇಬಿಯನ್ ನೈಟ್ಸ್' ಬಿಡುಗಡೆಯಾಯಿತು. ಸಾಹಸಕಥೆಯಾದರೂ ಅದರಲ್ಲಿ 'ತ್ರೀ ಸ್ಟೂಜಸ್' ತಂಡದ ಶೆಂಪ್ ಹೋವರ್ಡ್, ಬಿಲ್ಲಿ ಗಿಲ್ಬರ್ಟ್ ಮೊದಲಾದ ಹಾಸ್ಯನಟರಿದ್ದರು. ಹಳೆಯ ಹಾಸ್ಯಚಿತ್ರಗಳ ಭಿತ್ತಿಪತ್ರ ಸಂಗ್ರಹಿಸುವವರು ಇದನ್ನೂ ಗಮನಿಸುವುದು ಈ ಕಾರಣದಿಂದಲೇ.

ಯುದ್ಧಸೇವೆ

1944ರಲ್ಲಿ ಸಾಬು ಅವರು ಅಮೆರಿಕದ ಪೌರತ್ವ ಪಡೆದು, ಆ ದೇಶದ ಸೇನಾ ವಾಯುಪಡೆಯನ್ನು ಸೇರಿದರು. ಬಿ-24 ಲಿಬರೇಟರ್ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪೆಸಿಫಿಕ್ ರಣರಂಗದಲ್ಲಿ ಹತ್ತಾರು ಬಾರಿ ಹಾರಾಟ ನಡೆಸಿದರು. ಅವರ ಶೌರ್ಯಕ್ಕಾಗಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ನೀಡಲಾಯಿತು. ತೆರೆಯ ಮೇಲೆ ಅವರಿಗೆ ದೊರೆಯುತ್ತಿದ್ದುದು ಹೆಚ್ಚಾಗಿ ಕಾಡಿನ ಹುಡುಗ, ಪೇಟ ಧರಿಸಿದ ರಾಜಕುಮಾರ ಅಥವಾ ನಾಯಕನ ಗೆಳೆಯನ ಪಾತ್ರಗಳು. ಸಮವಸ್ತ್ರ ಧರಿಸಿದ ಯೋಧ ಸಾಬು ಅವರ ಜೀವನದ ಈ ಭಾಗಕ್ಕೆ ಭಿತ್ತಿಪತ್ರಗಳಲ್ಲಿ ಸ್ಥಳ ದೊರೆಯಲಿಲ್ಲ.

ಯುದ್ಧಾನಂತರದ ದಿನಗಳು

1947ರಲ್ಲಿ ಮೈಕೆಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಅವರ 'ಬ್ಲ್ಯಾಕ್ ನಾರ್ಸಿಸಸ್' ಚಿತ್ರದಲ್ಲಿ ಯುವ ಜನರಲ್ ಪಾತ್ರವನ್ನು ಅವರು ನಿರ್ವಹಿಸಿದರು. 1948ರಲ್ಲಿ ನಟಿ ಮೆರಿಲಿನ್ ಕೂಪರ್ ಅವರನ್ನು ವಿವಾಹವಾದರು. ಕಾಲಕ್ರಮದಲ್ಲಿ ಒಳ್ಳೆಯ ಪಾತ್ರಗಳು ಕಡಿಮೆಯಾದವು. ಬಾಲಕನಾಗಿದ್ದಾಗ ಕೊಂಡಾಡಿದ ಚಿತ್ರರಂಗವು ಬೆಳೆದು ನಿಂತ ನಟನಿಗೆ ಹೊಸ ಬಗೆಯ ಪಾತ್ರಗಳನ್ನು ರೂಪಿಸಲಿಲ್ಲ. 1952ರಲ್ಲಿ ಅವರು ಲಂಡನ್ನಿನ ಹ್ಯಾರಿಂಗೇ ಸರ್ಕಸ್‌ನಲ್ಲಿ ಆನೆಗಳೊಂದಿಗೆ ಪ್ರದರ್ಶನ ನೀಡಿದರು.

ಇಟಲಿಯ ಹಾಸ್ಯಚಿತ್ರ

ಅದೇ 1952ರಲ್ಲಿ ಇಟಲಿಯಲ್ಲಿ 'ಬುವೊನ್‌ಜೋರ್ನೊ, ಎಲೆಫಾಂತೆ' ಬಿಡುಗಡೆಯಾಯಿತು. ನಮಸ್ಕಾರ, ಆನೆಯೇ ಎಂಬುದು ಈ ಶೀರ್ಷಿಕೆಯ ಭಾವಾರ್ಥ. ಜಾನಿ ಫ್ರಾಂಚೊಲಿನಿ ಅವರು ನಿರ್ದೇಶಿಸಿದ ಈ ಚಿತ್ರದ ಚಿತ್ರಕಥೆಯಲ್ಲಿ ಚೆಸಾರೆ ಜವಾತ್ತಿನಿ ಅವರ ಪಾಲಿತ್ತು. 'ಬೈಸಿಕಲ್ ಥೀವ್ಸ್' ಚಿತ್ರದ ನಿರ್ದೇಶಕರಾದ ವಿತ್ತೋರಿಯೊ ಡಿ ಸಿಕಾ ಅವರು ಬಡ ಶಾಲಾಶಿಕ್ಷಕನ ಪಾತ್ರ ವಹಿಸಿದ್ದರು. ಭಾರತದಿಂದ ಬಂದ ರಾಜಕುಮಾರನೊಬ್ಬನಿಗೆ ಈ ಶಿಕ್ಷಕನು ಉಪಕಾರ ಮಾಡುತ್ತಾನೆ. ಅದಕ್ಕೆ ಪ್ರತಿಯಾಗಿ ರಾಜಕುಮಾರನು ಆನೆಯೊಂದನ್ನು ಉಡುಗೊರೆಯಾಗಿ ಕಳುಹಿಸುತ್ತಾನೆ. ಬಾಡಿಗೆ ಮನೆಯಲ್ಲಿ ಸಂಸಾರ ತೂಗಿಸಲಾರದ ಶಿಕ್ಷಕನು ಆನೆಯನ್ನು ಎಲ್ಲಿಡಬೇಕು, ಅದಕ್ಕೆ ಏನು ತಿನ್ನಿಸಬೇಕು ಎಂಬುದೇ ಚಿತ್ರದ ಹಾಸ್ಯ. ರಾಜಕುಮಾರನ ಪಾತ್ರ ಸಾಬು ಅವರದು.

ಅರಮನೆಯ ಆನೆಗಳ ಸೇವೆಗಾಗಿ ಹುಟ್ಟಿದ ಮಾವುತನ ಮಗನು ಈ ಚಿತ್ರದಲ್ಲಿ ಆನೆಯನ್ನು ದಾನ ಕೊಡುವ ಅರಸನಾದನು. ಸಾಬು ಅವರ ಚಿತ್ರಗಳ ಭಿತ್ತಿಪತ್ರಗಳಲ್ಲಿ ಈ ಹಾಸ್ಯಚಿತ್ರದ ಪ್ರತಿಗೆ ವಿಶೇಷ ಬೆಲೆ ಇರುವುದು ಈ ತಿರುವಿನಿಂದ. ಇಂಗ್ಲಿಷ್ ಬಲ್ಲ ದೇಶಗಳಲ್ಲಿ ಈ ಚಿತ್ರವನ್ನು 'ಹಲೋ ಎಲಿಫೆಂಟ್' ಹಾಗೂ 'ಪಾರ್ಡನ್ ಮೈ ಟ್ರಂಕ್' ಎಂಬ ಹೆಸರುಗಳಲ್ಲಿ ತೋರಿಸಲಾಯಿತು. ಸೊಂಡಿಲು ಮತ್ತು ಪೆಟ್ಟಿಗೆ ಎರಡಕ್ಕೂ ಸಲ್ಲುವ ಒಂದೇ ಪದವನ್ನು ಇಲ್ಲಿ ತಮಾಷೆಗಾಗಿ ಬಳಸಿಕೊಳ್ಳಲಾಗಿದೆ. ಒಂದೇ ಚಿತ್ರವು ಮೂರು ಹೆಸರುಗಳಲ್ಲಿ ಹಂಚಿಹೋಗಿರುವುದರಿಂದ, ಒಂದು ಹೆಸರನ್ನು ಮಾತ್ರ ಹುಡುಕುವವರಿಗೆ ಉಳಿದ ಭಿತ್ತಿಪತ್ರಗಳು ಕಾಣದೆ ಹೋಗುವ ಸಂಭವವಿದೆ.

ಕೊನೆಯ ವರ್ಷಗಳು

ಭಾರತದ ಚಿತ್ರವೊಂದರಲ್ಲಿ ಅಭಿನಯಿಸುವ ಅವಕಾಶವು ಸಾಬು ಅವರಿಗೆ ಒಮ್ಮೆ ಸಮೀಪಕ್ಕೆ ಬಂದಿತ್ತು. ಮೆಹಬೂಬ್ ಖಾನ್ ಅವರು 'ಮದರ್ ಇಂಡಿಯಾ' ಚಿತ್ರದ ಬಿರ್ಜು ಪಾತ್ರಕ್ಕೆ ಮೊದಲು ಅವರನ್ನು ಆಯ್ಕೆ ಮಾಡಲು ಬಯಸಿದ್ದರು. ಆ ವೇಳೆಗೆ ಅಮೆರಿಕದ ಪ್ರಜೆಯಾಗಿದ್ದ ಅವರಿಗೆ ಇಲ್ಲಿ ಕೆಲಸ ಮಾಡುವ ಪರವಾನಗಿ ದೊರೆಯಲಿಲ್ಲ. 1957ರಲ್ಲಿ ಬಿಡುಗಡೆಯಾದ ಆ ಚಿತ್ರದಲ್ಲಿ ಸುನಿಲ್ ದತ್ ಅವರು ಆ ಪಾತ್ರವನ್ನು ವಹಿಸಿದರು. ಹೀಗಾಗಿ ಸಾಬು ಅವರ ಹೆಸರಿದ್ದ ಭಾರತೀಯ ಚಿತ್ರದ ಭಿತ್ತಿಪತ್ರ ಎಂಬುದು ಮುದ್ರಣವಾಗಲೇ ಇಲ್ಲ.

1960ರಲ್ಲಿ ಹಾಲಿವುಡ್‌ನ ವಾಕ್ ಆಫ್ ಫೇಮ್ ಹಾದಿಯಲ್ಲಿ ಅವರ ಹೆಸರಿನ ನಕ್ಷತ್ರವನ್ನು ಅಳವಡಿಸಲಾಯಿತು. 1963ರ ಡಿಸೆಂಬರ್ 2ರಂದು ಲಾಸ್ ಏಂಜಲೀಸ್‌ನ ಚಾಟ್ಸ್‌ವರ್ತ್‌ನಲ್ಲಿ ಹೃದಯಾಘಾತದಿಂದ ಅವರು ನಿಧನರಾದರು. ಆಗ ಅವರಿಗೆ 39 ವರ್ಷ. ಅವರು ಅಭಿನಯಿಸಿದ ಡಿಸ್ನಿ ಸಂಸ್ಥೆಯ 'ಎ ಟೈಗರ್ ವಾಕ್ಸ್' ಅವರ ಮರಣಾನಂತರ 1964ರಲ್ಲಿ ತೆರೆಕಂಡಿತು.

ಮೂಲ ಭಿತ್ತಿಪತ್ರಗಳು ವಿರಳವಾಗಲು ಕಾರಣ

ಆ ಕಾಲದಲ್ಲಿ ಭಿತ್ತಿಪತ್ರಗಳನ್ನು ಸಾರ್ವಜನಿಕರಿಗೆ ಮಾರುತ್ತಿರಲಿಲ್ಲ. ಚಿತ್ರಮಂದಿರಗಳು ಅವುಗಳನ್ನು ಗೋಡೆಗೆ ಅಂಟಿಸುತ್ತಿದ್ದವು. ಮುಂದಿನ ವಾರ ಅದರ ಮೇಲೆಯೇ ಬೇರೆ ಚಿತ್ರದ ಕಾಗದ ಬೀಳುತ್ತಿತ್ತು. ಯುದ್ಧದ ವರ್ಷಗಳಲ್ಲಿ ಕಾಗದದ ಅಭಾವದಿಂದಾಗಿ ಹಳೆಯ ಕಾಗದವನ್ನು ಸಂಗ್ರಹಿಸಿ ಮರುಬಳಕೆ ಮಾಡಲಾಯಿತು. ಸಾಬು ಅವರ ಪ್ರಮುಖ ಚಿತ್ರಗಳು 1937ರಿಂದ 1947ರ ನಡುವೆ ಬಂದವುಗಳಾದುದರಿಂದ ಅವುಗಳ ಪ್ರತಿಗಳು ಇನ್ನಷ್ಟು ಕಡಿಮೆಯಾದವು.

ಮೂಲ ಪ್ರತಿಯನ್ನು ಗುರುತಿಸುವ ಬಗೆ

1. ಅಳತೆ: ಅಮೆರಿಕದ ಸಾಮಾನ್ಯ ಭಿತ್ತಿಪತ್ರದ ಅಳತೆ ಸುಮಾರು 27 x 41 ಅಂಗುಲ. ಇಂಗ್ಲೆಂಡಿನದು ಅಡ್ಡಲಾಗಿರುವ 40 x 30 ಅಂಗುಲ. ಇಟಲಿಯದು 100 x 140 ಸೆಂ.ಮೀ. ಹಾಗೂ 140 x 200 ಸೆಂ.ಮೀ. ಅಳತೆಯಲ್ಲಿ ಬಹಳ ವ್ಯತ್ಯಾಸವಿದ್ದಲ್ಲಿ ಅದು ನಂತರದ ಪ್ರತಿಯೇ ಎಂದು ಪರಿಶೀಲಿಸಬೇಕು.

2. ಮಡಿಕೆಯ ಗುರುತು: ಆಗ ಭಿತ್ತಿಪತ್ರಗಳನ್ನು ಮಡಿಸಿಯೇ ಚಿತ್ರಮಂದಿರಗಳಿಗೆ ಕಳುಹಿಸುತ್ತಿದ್ದರು. ಆದ್ದರಿಂದ ಮಡಿಕೆಯ ಗೆರೆಗಳು ದೋಷವಲ್ಲ.

3. ಅಂಚಿನ ಸಂಖ್ಯೆ: 1940ರ ದಶಕದಿಂದ ಅಮೆರಿಕದ ಬಹಳಷ್ಟು ಭಿತ್ತಿಪತ್ರಗಳ ಕೆಳ ಅಂಚಿನಲ್ಲಿ ವರ್ಷವನ್ನು ಸೂಚಿಸುವ ಸಂಖ್ಯೆ ಇರುತ್ತದೆ. ಅದರ ಹಿಂದೆ 'ಆರ್' ಅಕ್ಷರವಿದ್ದರೆ ಅದು ಮರುಬಿಡುಗಡೆಯ ಪ್ರತಿ.

4. ಕಾಗದ: ಇತ್ತೀಚಿನ ಕಾಗದದಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕವಿರುವುದರಿಂದ ಅದು ನೇರಳಾತೀತ ದೀಪದಡಿ ನೀಲಿಯಾಗಿ ಹೊಳೆಯುತ್ತದೆ. 1940ರ ದಶಕದ ಕಾಗದವು ಸಾಮಾನ್ಯವಾಗಿ ಹಾಗೆ ಹೊಳೆಯುವುದಿಲ್ಲ.

5. ಶೀರ್ಷಿಕೆ: 'ದಿ ಡ್ರಮ್' ಚಿತ್ರವು ಅಮೆರಿಕದಲ್ಲಿ 'ಡ್ರಮ್ಸ್' ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಶೀರ್ಷಿಕೆಯಲ್ಲಿನ ಇಂತಹ ವ್ಯತ್ಯಾಸವು ಮುದ್ರಣವಾದ ದೇಶವನ್ನು ತಿಳಿಸುತ್ತದೆ. ಅದನ್ನು ತಪ್ಪು ಮುದ್ರಣವೆಂದು ಭಾವಿಸಬಾರದು.

ಸಂರಕ್ಷಣೆ

ಹಳೆಯ ಭಿತ್ತಿಪತ್ರಗಳನ್ನು ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿ, ಬಿಸಿಲು ಮತ್ತು ತೇವ ತಾಗದಂತೆ ಇಡಬೇಕು. ಮಳೆಗಾಲದಲ್ಲಿ ಬೂಷ್ಟು ಹಾಗೂ ಗೆದ್ದಲಿನ ಬಗ್ಗೆ ಎಚ್ಚರ ವಹಿಸಬೇಕು. ಹರಿದ ಭಾಗಕ್ಕೆ ಅಂಟುಪಟ್ಟಿ ಹಚ್ಚುವುದು ಮತ್ತು ಲ್ಯಾಮಿನೇಷನ್ ಮಾಡಿಸುವುದು ಕಾಗದವನ್ನು ಸರಿಪಡಿಸಲಾಗದಂತೆ ಹಾಳುಮಾಡುತ್ತವೆ. ಭಾರತದಲ್ಲಿ ಚಲನಚಿತ್ರಗಳೊಂದಿಗೆ ಭಿತ್ತಿಪತ್ರಗಳನ್ನೂ ಸಂಗ್ರಹಿಸಿ ಕಾಪಾಡುವ ಕಾರ್ಯವನ್ನು ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಮಾಡುತ್ತ ಬಂದಿದೆ.

ಮೈಸೂರಿನ ಹಳೆಯ ಮನೆಗಳ ಪೆಟ್ಟಿಗೆ, ಅಟ್ಟಗಳಲ್ಲಿ ಇಂತಹ ಕಾಗದಗಳು ದೊರೆತಲ್ಲಿ, ರದ್ದಿಗೆ ಹಾಕುವ ಮುನ್ನ ಅವುಗಳ ಅಂಚು, ಅಳತೆ ಮತ್ತು ಹೆಸರನ್ನು ಒಮ್ಮೆ ನೋಡುವುದು ಉಚಿತ. ಮೈಸೂರಿನ ಮಾವುತನ ಮಗನೊಬ್ಬನ ಹೆಸರು ಅದರ ಮೇಲೆ ಇದ್ದೀತು.